ಬೆಕ್ಕಿಗೂ ನೋವಾಗುತ್ತೆ ಅಂತ ನಮಗೆ ಗೊತ್ತಾಗಿದ್ದು ಯಾವಾಗ?

ಇವತ್ತಿನ ಕಂತು ಶುರುವಾಗೋದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ. ವಡೆಯ ವಿಷಯ ಅಲ್ಲ, ನಾಯಿಯ ವಿಷಯ.

ಆ ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರಿದೆ. ಕ್ರಿ.ಶ. 949-50ರ ಹೊತ್ತಿಗೆ ಅಲ್ಲೊಂದು ಕಲ್ಲು ನೆಟ್ಟರು. ಕಾಳಿ ಅನ್ನೋ ಬೇಟೆನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಗಂಗರ ಬೂತುಗನಿಂದ ಆ ನಾಯಿಯನ್ನು ಕೇಳಿ ಪಡೆದಿದ್ದ ಮಣಲೇರ ಅನ್ನೋ ವೀರ ಅದಕ್ಕೊಂದು ಕಲ್ಲು ಹಾಕಿಸಿ, ಪೂಜೆ ನಡೆಯಲಿ ಅಂತ ಭೂಮಿಯನ್ನೂ ಬಿಟ್ಟ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡು ಇದು.

ಆನೆಗೂ ಕಮ್ಮಿ ಇರಲಿಲ್ಲ. ಗಂಗರ ದೊರೆ ಶಿವಮಾರ ಆನೆಗಳ ಬಗ್ಗೆ 'ಗಜಾಷ್ಟಕ' ಬರೆದ ಅಂತ ಹೇಳ್ತಾರೆ. 12ನೇ ಶತಮಾನದ ಆರಂಭದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 'ಗೋವೈದ್ಯ' ಬರೆದ. ಚಕ್ರವರ್ತಿಯ ತಮ್ಮನೊಬ್ಬ ಕೂತು ದನದ ಕಾಯಿಲೆಗೆ ಮದ್ದು ಬರೆಯುತ್ತಾನೆ ಅಂದ್ರೆ ಯೋಚನೆ ಮಾಡಿ, ಆವಾಗ ದನ ಅಂದ್ರೆ ಎಷ್ಟು ಬೆಲೆ ಇದ್ದಿರಬೇಕು. ಮುಂದೆ ಅಭಿನವಚಂದ್ರ ಕುದುರೆಯ ವೈದ್ಯದ ಬಗ್ಗೆ ಬರೆದ. ಸಂಸ್ಕೃತದಲ್ಲಂತೂ ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ ಅಂತ ದೊಡ್ಡ ಪರಂಪರೆಗಳೇ ಇವೆ.

ಬೆಕ್ಕು?

ಅದೇ ಮದ್ದೂರು ತಾಲ್ಲೂಕಿನ ಬೆಕ್ಕಳಲೆಯಲ್ಲಿ ಬೆಕ್ಕನ್ನು ಮಂಗಮ್ಮ ಅಂತ ಪೂಜಿಸ್ತಾರೆ. ಸಂತೋಷ. ಆದರೆ ಪೂಜೆ ಬೇರೆ, ಔಷಧಿ ಬೇರೆ. ನಾವೆಲ್ಲ ಚಿಕ್ಕವರಾಗಿದ್ದಾಗ ಕೇಳಿದ ಬೆಕ್ಕಿನ ಕಥೆ ಯಾವುದು ಹೇಳಿ? ತೆನಾಲಿ ರಾಮಕೃಷ್ಣನದ್ದು. ಇಲಿ ಕಾಟ ಅಂತ ಕೃಷ್ಣದೇವರಾಯ ಮನೆಮನೆಗೂ ಒಂದು ಬೆಕ್ಕು, ಅದರ ಹಾಲಿಗೆ ಒಂದು ಹಸು ಕೊಡ್ತಾನೆ. ರಾಮಕೃಷ್ಣ ಕುದಿಯೋ ಹಾಲನ್ನು ಬೆಕ್ಕಿನ ಮುಂದಿಡ್ತಾನೆ, ಅದರ ಬಾಯಿ ಸುಡುತ್ತೆ, ಆಮೇಲೆ ಅದು ಹಾಲು ಕಂಡರೆ ಓಡುತ್ತೆ. ನಾವು ನಗ್ತೀವಿ. ಅವನ ಜಾಣತನ ಎಲ್ಲರಿಗೂ ನೆನಪಿದೆ. ಆ ಬೆಕ್ಕಿನ ಬಾಯಿ ವಾಸಿಯಾಯ್ತಾ ಅಂತ ನಾನಂತೂ ಚಿಕ್ಕವಳಿದ್ದಾಗ ಕೇಳಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಕೆಂಚನಿಂದ. ಕೆಂಚ ನಮ್ಮನೆ ಬೆಕ್ಕು, ಹೆಸರೇ ಹೇಳುವ ಹಾಗೆ ಕೆಂಚು ಬಣ್ಣ, ನಾಲ್ಕು ಕೆಜಿ. ಹೋದ ಮಳೆಗಾಲದ ಒಂದು ರಾತ್ರಿ ಹೊರಗೆ ಹೋದವನು ಬೆಳಗ್ಗೆ ಎಡಗಡೆಯ ಹಿಂಗಾಲನ್ನು ಎಳೆದುಕೊಂಡು ಬಂದ. ಯಾವುದೋ ಗಾಡಿ ಹತ್ತಿರಬೇಕು. ಮೂಳೆ ಪುಡಿ, ಚರ್ಮ ಹರಿದಿತ್ತು, ಪಾದ ತಣ್ಣಗಾಗಿತ್ತು. ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, ಕಾಲು ಉಳಿಯಲ್ಲ, ಬೆಕ್ಕು ಉಳಿಯುತ್ತೆ ಅಂದ್ರು. ತೊಡೆಯ ಮೇಲ್ಭಾಗದಿಂದ ತೆಗೆದರು. ನನ್ನ ಒಂದು ತಿಂಗಳ ಬಾಡಿಗೆಯಷ್ಟು ಖರ್ಚಾಯ್ತು.

ಮನೆಯಲ್ಲಿ ದೊಡ್ಡ ಚರ್ಚೆ. "ಅಲ್ಲ ಕಣೇ, ಬೆಕ್ಕಿಗೆ ಆಪರೇಷನ್ನಾ? ಇನ್ನೊಂದು ಮರಿ ತಂದ್ರೆ ಆಗ್ತಿರಲಿಲ್ವಾ?" ಅಂದ್ರು ದೊಡ್ಡಮ್ಮ. ಅವರು ಕಟುಕರಲ್ಲ. ಅವರ ತವರಿನಲ್ಲಿ ಎಮ್ಮೆಗೆ ಜ್ವರ ಬಂದರೆ ರಾತ್ರಿ ಎರಡು ಗಂಟೆಗೆ ಎದ್ದು ಕಷಾಯ ಕುಡಿಸಿದವರು. "ದನದ ಆಸ್ಪತ್ರೆಗೆ ಯಾರಾದ್ರೂ ಬೆಕ್ಕು ತಗೊಂಡು ಹೋಗ್ತಾರಾ?" ಅಂತ ಅವರು ಕೇಳಿದಾಗ ನನಗೆ ಹೊಳೆದಿದ್ದು, ಇವತ್ತಿನ ಕಂತಿನ ಅರ್ಧ ಇತಿಹಾಸ ಆ ಒಂದು ಪದದಲ್ಲೇ ಇದೆ. ದನದ ಆಸ್ಪತ್ರೆ. ದನದ ಡಾಕ್ಟ್ರು. ಶುದ್ಧ ಕನ್ನಡದಲ್ಲಿ ಹೇಳೋಣ ಅಂದ್ರೂ ಪಶುವೈದ್ಯ. ಪಶು ಅಂದ್ರೆ ಮೊದಲು ನೆನಪಾಗೋದು ಕೊಟ್ಟಿಗೆಯಲ್ಲಿ ಕಟ್ಟಿದ ಪ್ರಾಣಿ, ಅಟ್ಟದ ಮೇಲೆ ಮಲಗಿದ್ದಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಜಗತ್ತಿನ ಮೊದಲ ಆಧುನಿಕ ಪಶುವೈದ್ಯ ಶಾಲೆ ಹುಟ್ಟಿದ್ದು ಫ್ರಾನ್ಸಿನ ಲಿಯಾನ್ ನಗರದಲ್ಲಿ, 1761ರಲ್ಲಿ. ಸ್ಥಾಪಿಸಿದ ಕ್ಲೋಡ್ ಬೂರ್ಜೆಲಾ ಕುದುರೆ ಸವಾರಿ ಕಲಿಸೋ ಶಾಲೆಯ ಮುಖ್ಯಸ್ಥ. ರಾಜನ ಸರ್ಕಾರ ದುಡ್ಡು ಕೊಟ್ಟಿದ್ದು ಯಾಕೆ ಅಂದ್ರೆ ಯುರೋಪಿನ ದನಗಳು ರಿಂಡರ್‌ಪೆಸ್ಟ್‌ನಿಂದ ಸಾಲುಸಾಲಾಗಿ ಸಾಯುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ದೊಡ್ಡರೋಗ ಅಂತಿದ್ದರಲ್ಲ, ಅದೇ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೂ ಅದೇ ಭಯ. 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ಶುರುವಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯ್ತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಕಟ್ಟಿತು. ಅದೇ ಹೆಬ್ಬಾಳದಲ್ಲಿ 1958ರಲ್ಲಿ ವೆಟರ್ನರಿ ಕಾಲೇಜು ಬಂತು. ಉಳುವ ಎತ್ತು, ಹಾಲು ಕೊಡೋ ಹಸು, ಸೈನ್ಯದ ಕುದುರೆ, ಇವುಗಳ ಜೀವ ಉಳಿದರೆ ರಾಜ್ಯಕ್ಕೆ ಲಾಭ. 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ಹೋಯ್ತು ಅಂತ ಘೋಷಣೆಯಾಯ್ತು. ಸಣ್ಣ ಸಾಧನೆಯಲ್ಲ ಅದು, ಅದಕ್ಕೇ ಒಂದು ಕಂತು ಮಾಡಬೇಕು.

ಆದರೆ ಬೆಕ್ಕಿಗೆ ಸಂತೆಯಲ್ಲಿ ಬೆಲೆಯೇ ಇರಲಿಲ್ಲ. ಬೆಲೆ ಇಲ್ಲದ್ದಕ್ಕೆ ವೈದ್ಯ ಯಾಕೆ? ಪಶ್ಚಿಮದಲ್ಲೂ ಅಷ್ಟೇ. 1871ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವಿಯರ್ ಅನ್ನೋ ಚಿತ್ರಕಾರ ದೊಡ್ಡ ಬೆಕ್ಕಿನ ಪ್ರದರ್ಶನ ಮಾಡಿದ. ಬೆಕ್ಕು ಅಂದ್ರೆ ಇಲಿ ಹಿಡಿಯೋ ಯಂತ್ರ ಅಷ್ಟೇ ಅಲ್ಲ ಅಂತ ಪೇಟೆ ಜನಕ್ಕೆ ಅನಿಸೋಕೆ ಶುರುವಾಗಿದ್ದು ಸುಮಾರು ಆಗಿನಿಂದ. ಆದರೂ ನ್ಯೂಯಾರ್ಕಿನಲ್ಲಿ ಲೂಯಿ ಕಮೂಟಿ ಅನ್ನೋ ಡಾಕ್ಟರು ಬರೀ ಬೆಕ್ಕುಗಳಿಗೇ ಅಂತ ಪ್ರಾಕ್ಟೀಸ್ ಮಾಡಿದಾಗ ಅದು 20ನೇ ಶತಮಾನದ ವಿಚಿತ್ರ ಸುದ್ದಿ. ಅವರು ಮನೆಮನೆಗೆ ಹೋಗಿ ನೋಡುತ್ತಿದ್ದರು. ನನ್ನ ಪೇಶೆಂಟುಗಳೆಲ್ಲ ಮಂಚದ ಕೆಳಗಿದ್ದಾರೆ ಅನ್ನೋ ಅರ್ಥದ ಹೆಸರಿಟ್ಟು 1980ರಲ್ಲಿ ಒಂದು ಪುಸ್ತಕ ತಂದರು. ಬೆಕ್ಕು ಸಾಕಿದವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ.

ಸರಿ, ಕಾಲು ಕತ್ತರಿಸೋ ವಿಷಯಕ್ಕೆ ಬರೋಣ. ಊಟ ಮಾಡ್ತಾ ಕೇಳ್ತಿದ್ರೆ ಒಂದು ನಿಮಿಷ ಮುಂದೆ ಓಡಿಸಿ.

ಅರಿವಳಿಕೆ ಬರೋ ಮುಂಚೆ ಮನುಷ್ಯರ ಕಾಲು ತೆಗೆಯೋದು ಅಂದ್ರೆ ವೇಗದ ಆಟ. ಲಂಡನ್ನಿನ ರಾಬರ್ಟ್ ಲಿಸ್ಟನ್ ಆ ವೇಗಕ್ಕೇ ಹೆಸರುವಾಸಿ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ತೋರಿಸಿದ ಸುದ್ದಿ ಹಡಗಿನಲ್ಲಿ ಲಂಡನ್ ತಲುಪಿತು. ಡಿಸೆಂಬರ್ 21ರಂದು ಲಿಸ್ಟನ್, ಫ್ರೆಡ್ರಿಕ್ ಚರ್ಚಿಲ್ ಅನ್ನೋ ರೋಗಿಗೆ ಈಥರ್ ಕೊಟ್ಟು, ಅರ್ಧ ನಿಮಿಷದೊಳಗೆ ತೊಡೆಯಿಂದ ಕಾಲು ತೆಗೆದ. ಎಚ್ಚರವಾದ ರೋಗಿ, ಯಾವಾಗ ಶುರು ಮಾಡ್ತೀರಿ ಅಂತ ಕೇಳಿದನಂತೆ.

ಈ ಕಥೆ ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದರ ಪಕ್ಕದಲ್ಲೇ ಇರೋ ಇನ್ನೊಂದನ್ನು ಕಮ್ಮಿ ಹೇಳ್ತಾರೆ. ಮಾರ್ಟನ್ ಈಥರನ್ನು ಮನುಷ್ಯರಿಗೆ ಕೊಡೋ ಮುಂಚೆ ತನ್ನ ಸಾಕುನಾಯಿಯ ಮೇಲೆ ನೋಡಿದ್ದ. ಕ್ಲೋರೋಫಾರಂ ಹೃದಯವನ್ನು ಕೊಲ್ಲುತ್ತಾ ಉಸಿರನ್ನು ಕೊಲ್ಲುತ್ತಾ ಅನ್ನೋ ಜಗಳ ಬಂದಾಗ, ಅದರ ಪರೀಕ್ಷೆ ನಡೆದಿದ್ದು ನಿಜಾಮರ ಹೈದರಾಬಾದಿನಲ್ಲಿ, 1888-89ರಲ್ಲಿ. ಇವತ್ತಿನ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಎಡ್ವರ್ಡ್ ಲಾರಿ ಅನ್ನೋ ವೈದ್ಯನ ನೇತೃತ್ವ, ಖರ್ಚು ನಿಜಾಮರದ್ದು. ನಾಯಿ, ಕೋತಿ, ಬೆಕ್ಕು, ಮೊಲ ಅಂತ ನೂರಾರು ಪ್ರಾಣಿಗಳಿಗೆ ಕ್ಲೋರೋಫಾರಂ ಕೊಟ್ಟು ನೋಡಿದರು. ಬ್ರಿಟನ್ನಿನಲ್ಲಿ ಪ್ರಯೋಗಾಲಯದ ಪ್ರಾಣಿಗೆ ಅರಿವಳಿಕೆ ಕೊಡಬೇಕು ಅಂತ 1876ರಲ್ಲಿ ಕಾನೂನು ಬಂತು, ವಿನಾಯಿತಿಗಳಿದ್ದವು. ಕಾಯಿಲೆ ಬಿದ್ದ ಪ್ರಾಣಿಯನ್ನು ಪಶುವೈದ್ಯ ಕೊಯ್ಯುವಾಗ ಕೆಲವು ಶಸ್ತ್ರಚಿಕಿತ್ಸೆಗಳಿಗಾದರೂ ಅರಿವಳಿಕೆ ಕಡ್ಡಾಯ ಅಂತ ಕಾನೂನು ಬಂದಿದ್ದು 1919ರಲ್ಲಿ. ಲೆಕ್ಕ ಹಾಕಿ, 43 ವರ್ಷ. ಸ್ವತಂತ್ರ ಭಾರತದಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂದಿದ್ದು 1960ರಲ್ಲಿ. ಅದರ ಹಿಂದೆ ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಿಡಿದ ಹಟ ಇತ್ತು.

ಕೆಂಚನ ಆಪರೇಷನ್ ಆದಮೇಲೆ ನನಗೆ ಬಂದ ಮೊದಲ ವಾಟ್ಸಾಪ್ ಮೆಸೇಜು, "ಜೈಪುರ ಫುಟ್ ಹಾಕಿಸ್ತೀಯಾ?" ತಮಾಷೆಗೆ ಕಳಿಸಿದ್ದು, ಆದರೆ ಪ್ರಶ್ನೆ ಒಳ್ಳೆಯದು. ಕೃತಕ ಕಾಲಿನ ಆಸೆ ಬಹಳ ಹಳೆಯದು, ಋಗ್ವೇದದಲ್ಲೇ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನಿ ದೇವತೆಗಳು ಲೋಹದ ಕಾಲು ಕೊಡ್ತಾರೆ. 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ನಮ್ಮವರು ಕುಕ್ಕರಗಾಲಲ್ಲಿ ಕೂರೋಕೆ, ಬರಿಗಾಲಲ್ಲಿ ನಡೆಯೋಕೆ ಆಗುವಂಥ ಪಾದ ಮಾಡಿದರು. ಅದಕ್ಕೇ ಮನುಷ್ಯರಲ್ಲಿ ಸರ್ಜನ್ ಆದಷ್ಟು ಉದ್ದದ ಮೊಂಡುಗಾಲನ್ನು ಉಳಿಸೋಕೆ ನೋಡ್ತಾರೆ. ಕೃತಕ ಕಾಲು ಕೂರೋಕೆ ಜಾಗ ಬೇಕಲ್ಲ.

ಬೆಕ್ಕಿನಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. ಮೊಂಡು ಉಳಿಸಿದರೆ ಅದು ಅದನ್ನು ಊರೋಕೆ ಹೋಗುತ್ತೆ, ನೆಲಕ್ಕೆ ಉಜ್ಜಿ ಹುಣ್ಣಾಗುತ್ತೆ. ಹಾಗಾಗಿ ಹಿಂಗಾಲಾದರೆ ತೊಡೆಯ ಮೇಲಿನಿಂದ ಅಥವಾ ಸೊಂಟದ ಕೀಲಿನಿಂದ, ಮುಂಗಾಲಾದರೆ ಎಷ್ಟೋ ಸಲ ಭುಜದ ಮೂಳೆ ಸಮೇತ ತೆಗೀತಾರೆ. ನೋಡೋಕೆ ಕ್ರೂರ ಅನಿಸುತ್ತೆ, ವಾಸಿಯಾಗೋಕೆ ಅದೇ ಸಲೀಸು. ಮೈಭಾರದ ಹೆಚ್ಚಿನ ಪಾಲು ಮುಂಗಾಲ ಮೇಲೆ ಬೀಳೋದರಿಂದ ಹಿಂಗಾಲು ಹೋಗಿದ್ದು ಕೆಂಚನ ಅದೃಷ್ಟ ಅಂದ್ರು ಡಾಕ್ಟರು. 2009ರಲ್ಲಿ ಆಸ್ಕರ್ ಅನ್ನೋ ಬೆಕ್ಕು ಜರ್ಸಿ ದ್ವೀಪದಲ್ಲಿ ಕಟಾವು ಯಂತ್ರಕ್ಕೆ ಸಿಕ್ಕಿ ಎರಡೂ ಹಿಂಪಾದ ಕಳೆದುಕೊಂಡಾಗ, ಇಂಗ್ಲೆಂಡಿನ ನೋಯೆಲ್ ಫಿಟ್ಜ್‌ಪ್ಯಾಟ್ರಿಕ್ ಮೂಳೆಯೊಳಗೇ ಲೋಹ ಕೂರಿಸಿ ಕೃತಕ ಪಾದ ಜೋಡಿಸಿದರು. ಅದು ಎರಡು ಪಾದ ಹೋದ ಕಥೆ. ಒಂದೇ ಹೋದರೆ ಬೆಕ್ಕಿಗೆ ಏನೂ ಜೋಡಿಸಬೇಕಿಲ್ಲ. ಕುದುರೆಗೆ ಇದು ಸುಲಭವಿಲ್ಲ. ಅದರ ಭಾರ ಉಳಿದ ಕಾಲುಗಳನ್ನು ಕೆಡಿಸುತ್ತೆ, ಅದಕ್ಕೇ ಕಾಲು ಮುರಿದ ಎಷ್ಟೋ ಕುದುರೆಗಳ ಕಥೆ ಗುಂಡಿನಲ್ಲಿ ಮುಗಿದಿದ್ದು. ಬೆಲೆ ಇಲ್ಲದ ಈ ನಾಲ್ಕು ಕೆಜಿ ಪ್ರಾಣಿಗೆ ಅದರ ಹಗುರ ಮೈಯೇ ಆಸ್ತಿ.

ಈಗ ನಿಜವಾದ ವಿಷಯ, ನೋವು. ಆಪರೇಷನ್ ಟೇಬಲ್ ಮೇಲಿನದ್ದಲ್ಲ, ಮನೆಗೆ ಬಂದಮೇಲಿನದ್ದು.

ಬೆಕ್ಕು ನೋವನ್ನು ಬಚ್ಚಿಡುತ್ತೆ. ನಾಯಿ ಕುಂಯ್‌ಗುಟ್ಟುತ್ತೆ, ನಿಮ್ಮ ಮುಖ ನೋಡುತ್ತೆ. ಬೆಕ್ಕು ಮೂಲೆ ಸೇರಿ ಸುಮ್ಮನೆ ಕೂರುತ್ತೆ. ಬೇಟೆಯಾಡೋ ಪ್ರಾಣಿಯೂ ಹೌದು, ಇನ್ನೊಬ್ಬರಿಗೆ ಬೇಟೆಯಾಗೋ ಪ್ರಾಣಿಯೂ ಹೌದು, ದುರ್ಬಲ ಅಂತ ತೋರಿಸಿಕೊಂಡರೆ ಉಳಿಗಾಲವಿಲ್ಲ. ಸುಮ್ಮನಿದೆ ಅಂದ್ರೆ ಆರಾಮಾಗಿದೆ ಅಂತ ಜನ ತಿಳಿದರು, ಡಾಕ್ಟರುಗಳೂ ತಿಳಿದರು. ಆಪರೇಷನ್ ಆದಮೇಲೆ ಸ್ವಲ್ಪ ನೋವಿದ್ದರೇ ಒಳ್ಳೇದು, ಓಡಾಡದೆ ಮಲಗಿರುತ್ತೆ ಅನ್ನೋ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ನಿಮ್ಮ ಅಪೆಂಡಿಕ್ಸ್ ತೆಗೆದಮೇಲೆ ಯಾರಾದರೂ ಹೀಗಂದರೆ ಹೇಗಿರುತ್ತೆ?

ಇನ್ನೊಂದು ಕಾರಣ ಮಾರ್ಫಿನ್. ಹಳೆಯ ಪ್ರಯೋಗಗಳಲ್ಲಿ ಬೆಕ್ಕಿಗೆ ಮಾರ್ಫಿನ್ ಕೊಟ್ಟಾಗ ಅವು ಹುಚ್ಚು ಹಿಡಿದ ಹಾಗೆ ಆಡಿದವು. 'ಮಾರ್ಫಿನ್ ಮೇನಿಯಾ' ಅಂತ ಹೆಸರೇ ಬಿತ್ತು. ಬೆಕ್ಕಿಗೆ ಅಫೀಮು ಜಾತಿಯ ನೋವು ನಿವಾರಕ ಆಗಿಬರಲ್ಲ ಅಂತ ಪಾಠವೂ ಆಯ್ತು. ಆ ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣ ಬೇಕಾದ್ದಕ್ಕಿಂತ ಅನೇಕ ಪಟ್ಟು ಜಾಸ್ತಿ ಇತ್ತು ಅನ್ನೋದನ್ನು ಗಮನಿಸಿದ್ದು ಆಮೇಲೆ. ಸಣ್ಣ ಪ್ರಮಾಣದಲ್ಲಿ ಅವೇ ಔಷಧಿಗಳು ಚೆನ್ನಾಗಿ ಕೆಲಸ ಮಾಡ್ತವೆ. ಒಂದು ತಪ್ಪು ಲೆಕ್ಕಕ್ಕೆ ಎಷ್ಟು ಬೆಕ್ಕುಗಳು ಹಲ್ಲು ಕಚ್ಚಿಕೊಂಡು ಮಲಗಿದ್ದವೋ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಂಡಿತು. 1985ರ ಮಾದಕವಸ್ತು ಕಾಯ್ದೆಯ ಕಟ್ಟುಪಾಡಿನಿಂದ ಕ್ಯಾನ್ಸರ್ ರೋಗಿಗಳಿಗೇ ಮಾರ್ಫಿನ್ ಸಿಗೋದು ದುಸ್ತರವಾಯ್ತು. 2014ರ ತಿದ್ದುಪಡಿ ಬರೋ ತನಕ ಮನುಷ್ಯರ ಪಾಡೇ ಹಾಗಿದ್ದಾಗ ಬೆಕ್ಕಿನದನ್ನು ಕೇಳೋರು ಯಾರು?

ಮೂರನೆಯದು ಬೆಕ್ಕಿನ ಪಿತ್ತಜನಕಾಂಗದ ವಿಷಯ, ಇಲ್ಲಿ ದಯವಿಟ್ಟು ಕಿವಿಗೊಡಿ. ಮೊದಲ ರಾತ್ರಿ ಪಕ್ಕದ ಮನೆ ಆಂಟಿ ಪ್ರೀತಿಯಿಂದ ಅರ್ಧ ಮಾತ್ರೆ ಪ್ಯಾರಾಸಿಟಮಾಲ್ ತಂದರು. "ಪಾಪ, ಹಾಲಲ್ಲಿ ಕರಗಿಸಿ ಹಾಕು." ನಮಗೆ ಜ್ವರಕ್ಕೆ, ತಲೆನೋವಿಗೆ, ಎಲ್ಲಕ್ಕೂ ಅದೇ ತಾನೇ. ಡಾಕ್ಟರು ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ಒಂದೇ ಸಾಲು ಇದರ ಬಗ್ಗೆ, ಹಾಗಾಗಿ ಆ ಮಾತ್ರೆ ವಾಪಸ್ ಹೋಯ್ತು. ಮನುಷ್ಯರ ಪಿತ್ತಜನಕಾಂಗದಲ್ಲಿ ಪ್ಯಾರಾಸಿಟಮಾಲನ್ನು ಕಟ್ಟಿ ಹೊರಹಾಕೋ ಕಿಣ್ವ ಇದೆ. ಬೆಕ್ಕಿನಲ್ಲಿ ಅದನ್ನು ಮಾಡಬೇಕಾದ ಜೀನ್ ಕೆಟ್ಟು ನಿಂತಿದೆ. ಲಕ್ಷಾಂತರ ವರ್ಷ ಬರೀ ಮಾಂಸ ತಿಂದು ಬದುಕಿದ ವಂಶ, ಗಿಡಗಳ ವಿಷ ಕಳೆಯೋ ಆ ಯಂತ್ರ ಅದಕ್ಕೆ ಬೇಕಾಗಲಿಲ್ಲ ಅಂತ ವಿಜ್ಞಾನಿಗಳ ಅಂದಾಜು. ಹಾಗಾಗಿ ಆ ಮಾತ್ರೆ ಒಳಗೇ ವಿಷವಾಗುತ್ತೆ, ರಕ್ತ ಆಮ್ಲಜನಕ ಹೊರೋದನ್ನು ನಿಲ್ಲಿಸುತ್ತೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದುತ್ತೆ. ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲೋಕೆ ಸಾಕು. ಐಬುಪ್ರೊಫೇನ್, ಆಸ್ಪಿರಿನ್ ಕೂಡ ಮನೆಯ ಡಬ್ಬಿಯಿಂದ ತೆಗೆದು ಕೊಡುವಂಥದ್ದಲ್ಲ. ಬೆಕ್ಕಿಗೆ ಅಂತಲೇ ಅಳತೆ ಮಾಡಿದ ಔಷಧಿ ಇದೆ, ಅದನ್ನು ಡಾಕ್ಟರು ಬರೆದಷ್ಟೇ ಹನಿ.

1990ರ ದಶಕದ ಬ್ರಿಟನ್ನಿನ ಒಂದು ಸಮೀಕ್ಷೆಯಲ್ಲಿ ಪಶುವೈದ್ಯರನ್ನು ಕೇಳಿದರು: ಗರ್ಭಕೋಶ ತೆಗೆಯೋ ಆಪರೇಷನ್ ಆದಮೇಲೆ ನೋವಿನ ಔಷಧಿ ಕೊಡ್ತೀರಾ? ನಾಯಿಗೆ ಕೊಡ್ತೀವಿ ಅಂದವರು ಹತ್ತಿರ ಹತ್ತಿರ ಅರ್ಧ. ಬೆಕ್ಕಿಗೆ, ಕಾಲು ಭಾಗದಷ್ಟು. ಅದೇ ಹೊಟ್ಟೆ, ಅದೇ ಕೊಯ್ತ. ಇದು ಗೋವೈದ್ಯದ ಕಾಲ ಅಲ್ಲ, ನಮ್ಮಲ್ಲಿ ಕೆಲವರು ಹುಟ್ಟಿದ ವರ್ಷಗಳು.

ವಿಚಿತ್ರ ಏನಂದ್ರೆ ಬೆಕ್ಕಿನ ನರಗಳ ಬಗ್ಗೆ ವಿಜ್ಞಾನಕ್ಕೆ ಗೊತ್ತಿಲ್ಲದೇ ಇರಲಿಲ್ಲ. 20ನೇ ಶತಮಾನದ ನರವಿಜ್ಞಾನದ ಎಷ್ಟೋ ಭಾಗ ಬೆಕ್ಕಿನ ಮೇಲೆಯೇ ನಿಂತಿದೆ. 1932ರಲ್ಲಿ ನೊಬೆಲ್ ಪಡೆದ ಚಾರ್ಲ್ಸ್ ಶೆರಿಂಗ್ಟನ್ ಕೆಲಸ ಮಾಡಿದ್ದರಲ್ಲಿ ಬೆಕ್ಕುಗಳದ್ದು ದೊಡ್ಡ ಪಾಲು. 1911ರಲ್ಲಿ ಗ್ರಹಾಂ ಬ್ರೌನ್, ನಡಿಗೆಯ ತಾಳ ಮೆದುಳಿನಿಂದ ಅಪ್ಪಣೆ ಬರದಿದ್ದರೂ ಬೆನ್ನುಹುರಿಯಲ್ಲೇ ಹುಟ್ಟುತ್ತೆ ಅಂತ ತೋರಿಸಿದ್ದು ಬೆಕ್ಕಿನಲ್ಲೇ. ಕೆಂಚ ಮೂರನೇ ದಿನ ಎದ್ದು, ಎರಡು ಸಲ ಮಗ್ಗುಲಿಗೆ ಬಿದ್ದು, ಮೂರನೇ ಸಲ ಮೂರು ಕಾಲಿನಲ್ಲಿ ನಾಲ್ಕು ಹೆಜ್ಜೆ ಹಾಕಿದಾಗ ನನಗೆ ನೆನಪಾಗಿದ್ದು ಅದು. ಯಾರೂ ಹೇಳಿಕೊಟ್ಟಿರಲಿಲ್ಲ, ಹೊಸ ತಾಳ ಅವನೊಳಗೇ ಕೂಡಿಕೊಂಡಿತ್ತು. ನಮಗೆ ನಡಿಗೆಯ ಗುಟ್ಟು ಹೇಳಿಕೊಟ್ಟ ಪ್ರಾಣಿಗೆ ನೋವಿನ ಹನಿ ಕೊಡೋಕೆ ನಾವು ಇಷ್ಟು ತಡ ಮಾಡಿದೆವು. ನನಗೆ ಇದನ್ನು ತಣ್ಣಗೆ ಹೇಳೋಕಾಗಲ್ಲ.

ದೊಡ್ಡ ಬದಲಾವಣೆ ಬಂದಿದ್ದು ಇತ್ತೀಚೆಗೆ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವು ಅಳೆಯೋ ಪಟ್ಟಿ ಪ್ರಕಟಿಸಿದರು. ಐದು ಗುರುತು: ಕಿವಿ ಹೊರಕ್ಕೆ ತಿರುಗಿದೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗೆ ನಿಂತಿದೆಯಾ, ತಲೆ ಭುಜಕ್ಕಿಂತ ಕೆಳಗಿಳಿದಿದೆಯಾ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ. ಹತ್ತಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧಿ ಬೇಕು ಅಂತ ಅರ್ಥ. ಮೊದಲ ಎರಡು ರಾತ್ರಿ ನಾನು ಮಾಡಿದ್ದು ಇದನ್ನೇ. ನಾಲ್ಕು ಗಂಟೆಗೊಮ್ಮೆ ಅಲಾರಂ, ಮೊಬೈಲಿನ ಮಂದ ಬೆಳಕು, ಮುಖದ ಫೋಟೋ, ಲೆಕ್ಕ. ಎರಡನೇ ರಾತ್ರಿ ಮೂರು ಗಂಟೆಗೆ ಐದು ಬಂತು. ಕೆಂಚ ಕೂಗಿರಲಿಲ್ಲ, ಒದ್ದಾಡಿರಲಿಲ್ಲ, ಬರೀ ಕಣ್ಣು ಗೀರಿನಂತಾಗಿತ್ತು. ಡಾಕ್ಟರಿಗೆ ಫೋಟೋ ಕಳಿಸಿದೆ, ಅವರು ಎದ್ದು ಉತ್ತರ ಕೊಟ್ಟರು, ಬೆಳಗ್ಗೆ ಬೇರೆ ಇಂಜೆಕ್ಷನ್ ಸೇರಿಸಿದರು. ಮಧ್ಯಾಹ್ನಕ್ಕೆ ಎರಡಕ್ಕಿಳಿಯಿತು. ಬೇಯಿಸಿದ ಬೂತಾಯಿ ಮೀನು ಅರ್ಧ ತಿಂದ. ತಿನ್ನೋದು ಮುಖ್ಯ, ಬೆಕ್ಕನ್ನು ಒಂದೆರಡು ದಿನಕ್ಕಿಂತ ಹೆಚ್ಚು ಉಪವಾಸ ಬಿಟ್ಟರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಹೊಸ ಕಾಯಿಲೆ ಶುರುವಾಗುತ್ತೆ.

ಮಿಕ್ಕಿದ್ದೆಲ್ಲ ಮನೆಗೆಲಸ. ಸಣ್ಣ ರೂಮು, ಹತ್ತೋಕೆ ಮಂಚ ಕುರ್ಚಿ ಇಲ್ಲದ್ದು. ನಮ್ಮ ಅಪಾರ್ಟ್‌ಮೆಂಟ್‌ಗಳ ಟೈಲ್ಸ್ ಮೂರು ಕಾಲಿನವನಿಗೆ ಮಂಜುಗಡ್ಡೆ ಇದ್ದ ಹಾಗೆ, ಅಜ್ಜಿಯ ಹಳೇ ಚಾಪೆಗಳು ಕೆಲಸಕ್ಕೆ ಬಂದವು. ಕತ್ತಿಗೆ ಕಟ್ಟೋ ಕಾಲರ್‌ಗೆ ಎಲಿಜಬೆತನ್ ಕಾಲರ್ ಅಂತಾರೆ, ಮೊದಲನೇ ಎಲಿಜಬೆತ್ ರಾಣಿ ಕಾಲದ ನೆರಿಗೆಯ ಕೊರಳಪಟ್ಟಿಯ ನೆನಪಿಗೆ. ಕೆಂಚನಿಗೆ ರಾಜಗಾಂಭೀರ್ಯ ಬರಲಿಲ್ಲ, ಹತ್ತು ದಿನ ಬಾಗಿಲಿಗೆ ಡಿಕ್ಕಿ ಹೊಡೆದ. ಆದರೂ ಬಿಚ್ಚಬಾರದು, ಬೆಕ್ಕಿನ ನಾಲಿಗೆ ಉಕ್ಕಿನ ಬ್ರಷ್ಷು, ಹೊಲಿಗೆ ಉಳಿಯಲ್ಲ. ಕಕ್ಕಸಿನ ಟ್ರೇಗೆ ಅಂಗಡಿಯ ಜೇಡಿಮಣ್ಣು ಹಾಕಬೇಡಿ, ಗಾಯಕ್ಕೆ ಅಂಟುತ್ತೆ ಅಂದಿದ್ರು. ಆ ಜೇಡಿಮಣ್ಣಿಗೂ ಇತಿಹಾಸ ಇದೆ. 1947ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಎಡ್ ಲೋ ಅನ್ನೋನು ಬೂದಿಯ ಬದಲು ಎಣ್ಣೆ ಹೀರೋ ಜೇಡಿಯನ್ನು ಪಕ್ಕದ ಮನೆಯವಳ ಬೆಕ್ಕಿಗೆ ಕೊಟ್ಟ. ಬೆಕ್ಕು ಪೂರ್ತಿ ಮನೆಯೊಳಗಿನ ಪ್ರಾಣಿಯಾಗೋಕೆ ಅದೂ ಒಂದು ಕಾರಣ. ನಾನು ಎರಡು ವಾರ ಹರಿದ ದಿನಪತ್ರಿಕೆ ಹಾಕಿದೆ. ನಮ್ಮ ಸಂಪಾದಕರು ಈ ಭಾಗ ಕೇಳಿಸಿಕೊಳ್ಳದಿರಲಿ. ಟ್ರೇಯ ಒಂದು ಅಂಚನ್ನು ಬಿಸಿ ಚಾಕುವಿನಿಂದ ತಗ್ಗಿಸಿದರೆ ಹತ್ತಿ ಇಳಿಯೋದು ಸುಲಭ.

ಎತ್ತುವಾಗ ಕುತ್ತಿಗೆಯ ಚರ್ಮ ಹಿಡಿಯಬೇಡಿ. ತಾಯಿ ಬೆಕ್ಕು ಮರಿಯನ್ನು ಹಾಗೆ ಒಯ್ಯೋದನ್ನು ನೋಡಿಯೇ ಮಾರ್ಜಾಲ ನ್ಯಾಯ ಅಂತ ಶ್ರೀವೈಷ್ಣವರು ಶರಣಾಗತಿಯ ದೊಡ್ಡ ತತ್ತ್ವ ಹೇಳಿದ್ದು ನಿಜ, ಆದರೆ ನಾಲ್ಕು ಕೆಜಿಯ ರೋಗಿಗೆ ಅದು ನಡೆಯಲ್ಲ. ಒಂದು ಕೈ ಎದೆಯ ಕೆಳಗೆ, ಒಂದು ಕೈ ಉಳಿದ ಹಿಂಗಾಲಿನ ಕೆಳಗೆ.

ಮಾಯಾ ಅಂಗದ ನೋವು, ಅಂದ್ರೆ ಇಲ್ಲದ ಕಾಲು ನೋಯೋದು. 16ನೇ ಶತಮಾನದ ಫ್ರೆಂಚ್ ಸರ್ಜನ್ ಆಂಬ್ರೋಸ್ ಪಾರೆ ಇದನ್ನು ಬರೆದಿಟ್ಟ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ್ದ ವಿಯರ್ ಮಿಚೆಲ್ 1871ರಲ್ಲಿ ಅದಕ್ಕೆ ಹೆಸರು ಕೊಟ್ಟ. ಬೆಕ್ಕನ್ನು ಕೇಳೋಕಾಗಲ್ಲ. ಇತ್ತೀಚೆಗೆ ಸರ್ಜನ್‌ಗಳು ಕತ್ತರಿಸೋ ಮುಂಚೆ ಆ ನರಕ್ಕೇ ಮರಗಟ್ಟಿಸೋ ಔಷಧಿ ಕೊಡೋದು ಅದಕ್ಕೂ ಸೇರಿಸಿ.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು, ಕಾಲರ್ ತೆಗೆದರು. ಮನೆಗೆ ಬಂದ ಕೆಂಚ ಕೂತು, ತಲೆ ಎಡಕ್ಕೆ ವಾಲಿಸಿ, ಎಡಗಿವಿ ಕೆರೆದುಕೊಳ್ಳೋಕೆ ಶುರು ಮಾಡಿದ. ಉಳಿದಿದ್ದ ತೊಡೆಯ ಸ್ನಾಯು ಟಪಟಪ ಅಂತ ಅಲ್ಲಾಡಿತು, ಕಿವಿಗೆ ಏನೂ ತಾಗಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದ. ಪಕ್ಕದಲ್ಲಿ ಅವರೆಕಾಯಿ ಸುಲೀತಾ ಕೂತಿದ್ದ ದೊಡ್ಡಮ್ಮ, ನನಗೂ ಏನೂ ಹೇಳದೆ, ಕೈ ಸೆರಗಿಗೆ ಒರೆಸಿಕೊಂಡು ಅವನ ಎಡಗಿವಿಯ ಹಿಂದೆ ಉಗುರಾಡಿಸಿದರು. ಆವತ್ತಿನಿಂದ ದಿನಾ ಎರಡು ಸಲ ಆ ಕಿವಿ ಕೆರೆಯೋ ಕೆಲಸ ನಮ್ಮದು. ಎಡ ಹಿಂಗಾಲು ಹೋದ ಬೆಕ್ಕು ನಿಮ್ಮನೆಯಲ್ಲೂ ಇದ್ದರೆ ಎಡಗಿವಿಯೊಳಗೆ ಕೊಳೆ ಕೂತಿದೆಯಾ ಅಂತ ವಾರಕ್ಕೊಮ್ಮೆ ನೋಡಿ, ತೂಕ ಏರೋಕೆ ಬಿಡಬೇಡಿ, ಮೂರು ಕಾಲು ಹೊರಬೇಕಲ್ಲ.

ಮುಂದಿನ ಕಂತಿನಲ್ಲಿ ದೊಡ್ಡರೋಗದ ಕಥೆಯೊಂದಿಗೆ ಸಿಗೋಣ. ನಮಸ್ಕಾರ.